ದೌಲತರಾಯರ ಚೀಲದ ಪುಂಗಿ

ಮೂವತ್ತೆರಡು ವರ್ಷ ಊದಿದರೂ ಒಂದು ನರಪಿಳ್ಳೆಯೂ ತಮ್ಮ ಒಂದು ಧಾಟಿಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಲಿಲ್ಲ ಎಂಬುದು ದೌಲತರಾಯರ ಕೊರಗು. ಪೊಲೀಸ್ ಬ್ಯಾಂಡಿನ ಮೂರನೆಯ ಸಾಲಿನಲ್ಲಿ ನಿಂತು ಅವರು ಬ್ಯಾಗ್‌ಪೈಪ್ ಎಂಬ ಚೀಲದ ಪುಂಗಿ ಊದುತ್ತಿದ್ದರು. ಜನ ಧ್ವಜ ನೋಡುತ್ತಿದ್ದರು, ಮಂತ್ರಿಗಳನ್ನು ನೋಡುತ್ತಿದ್ದರು, ಹಂಚಲು ತಂದ ಲಾಡಿನ ಬುಟ್ಟಿಯನ್ನಂತೂ ಕಣ್ಣು ಕೀಳದೆ ನೋಡುತ್ತಿದ್ದರು. (ದೌಲತರಾಯರ ಮುಂದೆ ಸದಾ ಆರಡಿಯ ಡೋಲಿನವನೊಬ್ಬ ನಿಲ್ಲುತ್ತಿದ್ದ.) ನಿವೃತ್ತರಾಗಿ ಆಳಂದದ ಮನೆಗೆ ಬಂದಾಗ, ತಾವೇ ಕೊಂಡಿದ್ದ ಹಳೆಯ ವಾದ್ಯವೊಂದನ್ನು ಜೊತೆಗೆ ತಂದರು. ಇನ್ನಾದರೂ ಒಂದು ಜೀವ ಕೂತು ಒಂದು ಧಾಟಿ ಪೂರ್ತಿ ಕೇಳಿದರೆ ಜನ್ಮ ಸಾರ್ಥಕ ಎಂದುಕೊಂಡರು.

ಆ ಜೀವ ಹೆಂಡತಿಯದೇ ಆದೀತೆಂಬ ಆಸೆ ಮೊದಲ ದಿನವೇ ಮುರಿಯಿತು. ಬ್ಯಾಗ್‌ಪೈಪನ್ನು ಊದುವುದು ಬಾಯಿಂದ, ಹಾಡಿಸುವುದು ಕಂಕುಳಿಂದ. ಚೀಲ ತುಂಬಿ ಮೊಳಕೈಯಿಂದ ಅಮುಕಿದೊಡನೆ ಮೊದಲು ಒಂದು ನರಳಾಟ ಹೊರಡುತ್ತದೆ. ರಾಗ ಆಮೇಲಿನ ಮಾತು. ನರಳಾಟಕ್ಕೇ ಗುರುಶಾಂತಮ್ಮ ರೊಟ್ಟಿ ಬಡಿಯುವುದು ಬಿಟ್ಟು, ಹಿಟ್ಟಿನ ಕೈಯಲ್ಲೇ ಓಡಿ ಬಂದು ಕಿಟಕಿ ಮುಚ್ಚಿದರು.

"ಬಂದ್ ಮಾಡ್ರಿ ಅದನ್ನ. ಓಣ್ಯಾಗ ನನ್ನ ಇಜ್ಜತ್ ಏನ್ ಉಳೀತದ?"

"ಬಾಜಾ ಊದಿದ್ರ ಇಜ್ಜತ್ ಯಾಕ ಹೋಗ್ತದ?"

"ನೀವು ಬಾಜಾದವರಂತ ನಾ ಯಾರಿಗಿ ಹೇಳೀನಿ?"

ಸಂಗತಿ ಇದ್ದದ್ದು ಅಲ್ಲಿ. ವಾರಕ್ಕೊಮ್ಮೆ ಕಲಬುರಗಿಯಿಂದ ಬಂದು ಖಾಕಿಯಲ್ಲಿ ಬಸ್ಸಿಳಿಯುವ ದೌಲತರಾಯರನ್ನು ಓಣಿ ನೋಡಿತ್ತು. ಉಳಿದದ್ದನ್ನು ಗುರುಶಾಂತಮ್ಮ ಕಟ್ಟೆಯ ಮೇಲೆ ಕೂತು ತುಂಬಿಸಿದ್ದರು. ಅವರು ಹೂಂಕರಿಸಿದರೆ ಕಳ್ಳರು ಗಡಗಡ ನಡುಗುತ್ತಾರೆ, ಅವರ ಹೆಸರು ಹೇಳಿದರೆ ಸೊಲ್ಲಾಪುರದ ದರೋಡೆಕೋರರೂ ಊಟ ಬಿಡುತ್ತಾರೆ. (ದೌಲತರಾಯರು ಹಲ್ಲಿ ಲೊಚಗುಟ್ಟಿದರೂ ಹಾಸಿಗೆ ಬದಲಿಸುತ್ತಿದ್ದರು.)

ಮುಚ್ಚಿದ ಕಿಟಕಿ ಸಾಕಾಗಲಿಲ್ಲ. ಪಕ್ಕದ ಮನೆಯ ಕಸ್ತೂರಿಬಾಯಿ ಗೋಡೆಯ ಮೇಲಿಂದ ಇಣುಕಿದರು.

"ಅಕ್ಕಾ, ಒಳಗ ಯಾರೋ ನರಳಾಕತ್ತಾರಲ್ರಿ?"

ಗುರುಶಾಂತಮ್ಮ ಕಣ್ಣು ಮಿಟುಕಿಸಲಿಲ್ಲ. "ಸಾಹೇಬ್ರು ಒಬ್ಬ ಕಳ್ಳನ್ನ ತಪಾಸ ಮಾಡಾಕತ್ತಾರ. ರಿಟೈರ್ ಆದ್ರೂ ಮ್ಯಾಲಿನವರು ಬಿಡವಲ್ರು ನೋಡು."

ಅಂದಿನಿಂದ ದಿನಾ ಅರ್ಧ ಗಂಟೆ, ಬಾಗಿಲು ಮುಚ್ಚಿಕೊಂಡು ಊದಲು ಅಪ್ಪಣೆಯಾಯಿತು. ಕಾರಣ ತಿಳಿಯದ ದೌಲತರಾಯರು ಹೆಂಡತಿಯ ಮನಸ್ಸು ಕರಗಿತೆಂದೇ ನಂಬಿದರು. ಹೊರಗೆ ಓಣಿಯ ಜನ ಅವರ ಮನೆ ದಾಟುವಾಗ ಚಪ್ಪಲಿ ಸಪ್ಪಳವಾಗದಂತೆ ನಡೆಯತೊಡಗಿದರು.

ಹೀಗಿರುವಾಗ ಒಂದು ಬೆಳಿಗ್ಗೆ ಕಸ್ತೂರಿಬಾಯಿ ತಮ್ಮನ ರಟ್ಟೆ ಹಿಡಿದು ಎಳೆದುಕೊಂಡು ಬಂದರು. ಮಾದನಹಿಪ್ಪರಗಾದ ಈ ಗೋವಿಂದ, ಅಕ್ಕನನ್ನು ಪಂಚಮಿಗೆ ತವರಿಗೆ ಕರೆಯಲು ಬಂದವನು, ದೀಪಾವಳಿ ಮುಗಿದರೂ ಅಕ್ಕನ ಮನೆಯಲ್ಲೇ ಉಂಡುಕೊಂಡಿದ್ದ.

"ಅಕ್ಕಾ, ಮನ್ಯಾಗಿನ ತಾಮ್ರದ ಕೊಡ ಕಾಣವಲ್ದು. ಇಂವನ ಮ್ಯಾಲೇ ನನಗ ಸಂಶೆ. ಠಾಣಾಕ್ಕ ಹೋದ್ರ ಮನಿ ಮರ್ಯಾದಿ ಹೋಗ್ತದ. ಸಾಹೇಬ್ರು ಜರಾ ಒಳಗ ಕರ್ಕೊಂಡು ತಪಾಸ ಮಾಡ್ಲಿ."

ಇಷ್ಟು ವರ್ಷ ಹೇಳಿದ ಸುಳ್ಳು ಗುರುಶಾಂತಮ್ಮನ ಬಾಗಿಲಿಗೇ ಬಂದು ನಿಂತಿತು. ಹೂಂ ಅನ್ನುವಂತಿಲ್ಲ, ಉಹೂಂ ಅನ್ನುವಂತಿಲ್ಲ. ಗೋವಿಂದನನ್ನು ಒಳಗೆ ತಳ್ಳಿ, ಹೊರಗಿನಿಂದ ಚಿಲಕ ಹಾಕಿ, "ಬಸವಣ್ಣ, ನೀನೇ ಕಾಯಪ್ಪಾ" ಎಂದರು.

ಒಳಗೆ ದೌಲತರಾಯರು ಐದು ಕೊಳವೆಗಳ ಚೀಲವನ್ನು ಕಂಕುಳಲ್ಲಿ ಇರುಕಿಕೊಂಡು ಸಿದ್ಧರಾಗಿದ್ದರು. ಮನುಷ್ಯನೊಬ್ಬ ತಾನಾಗಿ ಕೇಳಲು ಬಂದಿದ್ದಾನೆ! ಅವರ ಕಣ್ಣು ತುಂಬಿ ಬಂತು.

"ಕೂಡಪಾ. ಹೆದರಬ್ಯಾಡ, ಭಾಳ ಹೊತ್ತು ಹಿಡಿಯೂದಿಲ್ಲ. ಆದ್ರ ಪೂರ್ತಿ ಆಗೂತನಕ ಏಳಬಾರದು ನೋಡು."

ಗೋವಿಂದ ಗೋಡೆಗೆ ಒತ್ತಿಕೊಂಡು ಕೂತ. ಧಾಟಿ ಶುರುವಾಯಿತು. ಎರಡನೆಯ ಸಾಲಿಗೆ ಅವನ ಕಣ್ಣಲ್ಲಿ ನೀರು. ಕಲೆ ಎಂದರೆ ಇದು ಎಂದುಕೊಂಡ ದೌಲತರಾಯರು ಇನ್ನಷ್ಟು ಭಾವ ತುಂಬಿ ಅಮುಕಿದರು. ಮೂರನೆಯ ಸಾಲಿಗೆ ಅವನು ಕೈ ಮುಗಿದ, ನಾಲ್ಕಕ್ಕೆ ಕಾಲಿಗೆ ಬಿದ್ದ.

"ಬಸ್ ಮಾಡ್ರಿ ಸಾಹೇಬ್ರ. ಕೊಡ ನಾನೇ ಕದ್ದೀನಿ."

"ಯಾವ ಕೊಡಪಾ?"

"ಯಾವುದರೆ ಆಗ್ಲಿ ರಿ. ನಾನೇ ಕದ್ದೀನಿ."

"ಇನ್ನ ಎರಡೇ ಸಾಲ ಉಳದಾವಲ್ಲೋ."

"ಬೇಕಾದ್ರ ಜೇಲಿಗಿ ಹಾಕ್ರಿ. ಆ ಎರಡು ಸಾಲ ಬ್ಯಾಡ್ರಿ."

ಗುರುಶಾಂತಮ್ಮ ಚಿಲಕ ತೆಗೆದೊಡನೆ ಇಬ್ಬರೂ ಹೊರಗೆ ಬಂದರು. ಕಳ್ಳ ಕಬೂಲ್ ಮಾಡಿದನೆಂಬ ಸುದ್ದಿಗೆ ಓಣಿಯೆಲ್ಲ ಅಂಗಳದಲ್ಲಿ ನೆರೆಯಿತು. ಅದೇ ಹೊತ್ತಿಗೆ ಕಲಾಯಿ ಹಾಕುವ ಖಮರ ಸೈಕಲ್ಲಿಗೆ ಥಳಥಳಿಸುವ ತಾಮ್ರದ ಕೊಡ ಕಟ್ಟಿಕೊಂಡು ಬಂದು ಕಸ್ತೂರಿಬಾಯಿಯ ಮುಂದೆ ಇಳಿದ. "ಬಾಯಾರ, ನಿಮ್ಮ ಮನಿಯವರು ನಾಕ್ ದಿನದ ಹಿಂದ ಕಲಾಯಿಗಿ ಕೊಟ್ಟಿದ್ರು. ನಿಮಗ ಹೇಳಿಲ್ಲೇನ್ರಿ?"

ಎಲ್ಲರೂ ಕೊಡವನ್ನು ನೋಡಿದರು, ಗೋವಿಂದನನ್ನು ನೋಡಿದರು.

"ಮತ್ತ ಕದ್ದೀನಿ ಅಂತ ಯಾಕ ಅಂದಿ? ಹೊಡದ್ರೇನು?" ಎಂದರು ಕಸ್ತೂರಿಬಾಯಿ.

"ಹೊಡದಿದ್ರ ತಡ್ಕೋತಿದ್ದೆ ಅಕ್ಕಾ. ಸಾಹೇಬ್ರು ಅದನ್ನ ಊದಿದ್ರು."

ಆಗ ಓಣಿಯ ಕಣ್ಣೆಲ್ಲ ದೌಲತರಾಯರ ಕಂಕುಳಿನತ್ತ ತಿರುಗಿತು. ದಿನಾ ನರಳುತ್ತಿದ್ದ ಕಳ್ಳ ಅಲ್ಲೇ ಸಿಕ್ಕಿಬಿದ್ದಿದ್ದ. ಗೋವಿಂದ ಮಧ್ಯಾಹ್ನದ ಬಸ್ಸಿಗೇ ಮಾದನಹಿಪ್ಪರಗಾಕ್ಕೆ ಹೊರಟುಹೋದ. ಗುರುಶಾಂತಮ್ಮ ಎರಡು ದಿನ ಕಟ್ಟೆಗೆ ಬರಲಿಲ್ಲ. ದೌಲತರಾಯರು ವಾದ್ಯವನ್ನು ಟ್ರಂಕಿನಲ್ಲಿಟ್ಟು ಮುಚ್ಚಿದರು. ಮುಚ್ಚುವಾಗ ಅವರ ಮುಖ ನೋಡಿದ ಗುರುಶಾಂತಮ್ಮನಿಗೂ ಕರುಳು ಚುರುಕ್ ಎಂದಿತು. ಸುಳ್ಳು ತನ್ನದು, ಅವಮಾನ ಅವರಿಗೆ.

ಮೂರನೆಯ ದಿನ ಕಸ್ತೂರಿಬಾಯಿ ತಟ್ಟೆಯಲ್ಲಿ ಬಿಸಿ ಹೋಳಿಗೆ ಇಟ್ಟುಕೊಂಡು ಬಂದರು. ದನಿ ಇಳಿಸಿದರು.

"ನಾಕ್ ತಿಂಗಳು ಬೈದ್ರೂ ಹೋಗದಾಂವ ಒಂದೇ ದಿನಕ್ಕ ಹೋದ್ನಲ್ಲಕ್ಕಾ. ಈಗ ಹಿರೋಳ್ಳಿ ಬೀಗರು ಆರು ಮಂದಿ ಬಂದು ಕೂತಾರ. ಹದಿನೈದು ದಿನ ಇರ್ತೀವಿ ಅನ್ನಾಕತ್ತಾರ. ನಾಳಿ ಮುಂಜಾನಿ ಸಾಹೇಬ್ರು ನಮ್ಮ ಮನ್ಯಾಗ ಜರಾ ಊದಬೇಕ್ರಿ."

ಒಳಗಿದ್ದ ದೌಲತರಾಯರ ಕಿವಿಗೆ ಬಿದ್ದದ್ದು 'ಆರು ಮಂದಿ' ಎಂಬುದು ಮತ್ತು ಕೊನೆಯ ಮಾತು ಮಾತ್ರ. ಟ್ರಂಕ್ ತೆರೆದ ಸದ್ದಾಯಿತು. ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಅವರು ಹೊರಗೆ ಬಂದರು.

"ಆರು ಮಂದಿನೂ ಕೂಡ್ತಾರೇನು? ಪೂರ್ತಿ ಊದಲೇನು?"

ಗುರುಶಾಂತಮ್ಮ ಗಂಡನ ಕಾಲರನ್ನು ಪ್ರೀತಿಯಿಂದ ಸರಿಮಾಡಿದರು.

"ಪೂರ್ತಿ ಯಾಕ್ರಿ? ಪಾಪ, ಅವರು ಹತ್ತರ ಬಸ್ ಹಿಡೀಬೇಕು."