ಶೆಟ್ಟರ ಹತ್ತೊಂಬತ್ತು ಟಿಪ್ಪಣಿಗಳು

ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವುದು ನನಗೆ ಸಲೀಸು. ನನ್ನ ಕೆಲಸದಲ್ಲಿ ಯಾರಾದರೂ ಹುಡುಕಿದರೆ ಮಾತ್ರ ಅವತ್ತು ಊಟ ಸೇರುವುದಿಲ್ಲ. ದುಬೈಯ ಅಲ್ ಬರ್ಷಾದಲ್ಲಿರುವ ನಾನು ರಜೆಯ ದಿನಗಳಲ್ಲಿ, ಫೋನಿನಲ್ಲಿ ಕನ್ನಡ ಟೈಪಿಸುವ ಒಂದು ಉಚಿತ ಕೀಬೋರ್ಡಿಗೆ ಕೋಡ್ ಬರೆಯುತ್ತೇನೆ. ಅದಕ್ಕೆ ಕಂಪನಿಯಿಲ್ಲ, ಮಾಲೀಕರಿಲ್ಲ. ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು. ಬಲ್ಲವರೊಬ್ಬರು ಓದಿ ಒಪ್ಪಿದರೆ ಅದು ಎಲ್ಲರ ಫೋನಿಗೂ ಹೋಗುತ್ತದೆ. ನಾವು ಪದೇ ಪದೇ ಬರೆಯುವ ಪದಗಳನ್ನು ಈ ಕೀಬೋರ್ಡು ನೆನಪಿಟ್ಟುಕೊಳ್ಳುತ್ತದೆ. ಆ ಪಟ್ಟಿ ನಿಧಾನವಾಗಿ ತೆರೆಯುತ್ತಿತ್ತು. ನಾನು ಅದನ್ನು ಚುರುಕುಗೊಳಿಸಿ, ಹೆಮ್ಮೆಯಿಂದ ಕಳಿಸಿದೆ.

ಐದು ವಾರ ಉತ್ತರವಿಲ್ಲ. ಬೆಳಿಗ್ಗೆ ಮೆಟ್ರೋ ಹತ್ತಿದ ಕೂಡಲೇ ತೆರೆದು ನೋಡುವುದು, ಇಳಿಯುವವರೆಗೆ ಗೊಣಗುವುದು ನನ್ನ ದಿನಚರಿಯಾಯಿತು. ಹೆಂಡತಿ ಸುಧಾ ಒಂದು ದಿನ ಕೇಳಿದಳು: "ಸಂಬಳ ತಗೊಳ್ಳೋರೇ ನಿಮಗೆ ಉತ್ತರ ಕೊಡಲ್ಲ. ಪುಕ್ಕಟೆ ಮಾಡೋರ ಮೇಲೆ ಯಾಕ್ರೀ ಕೋಪ?"

ಆರನೆಯ ವಾರ ವಸಂತ ಶೆಟ್ಟಿ ಎಂಬುವವರಿಂದ ಹತ್ತೊಂಬತ್ತು ಟಿಪ್ಪಣಿಗಳು ಬಂದವು. ಮೊದಲನೆಯದೇ ನನ್ನ ಕಾಗುಣಿತದ ಬಗ್ಗೆ. ನಾನು ಸಿಟ್ಟಿನಿಂದ ಅರ್ಧ ಪುಟ ಉತ್ತರ ಬರೆದು, ಇನ್ನೂ ಬೈಯಲು ಏನಾದರೂ ಸಿಗಬಹುದೆಂದು ಕೊನೆಯ ಟಿಪ್ಪಣಿಗೆ ಬಂದೆ. ಅಲ್ಲಿ ಹೀಗಿತ್ತು: "ಇದನ್ನು ನನ್ನ ಫೋನಿನಲ್ಲಿ ಹಾಕಿ ನೋಡಿದೆ. ನಾಲ್ಕು ವರ್ಷದಿಂದ ಕಲಿಸಿದ ಪದಗಳೆಲ್ಲ ಅಳಿಸಿಹೋದವು. ಹಳೆಯ ಪಟ್ಟಿಯನ್ನು ಉಳಿಸಿಕೊಂಡು ಮಾಡಬಹುದೇ?" ಅಷ್ಟೇ. ಒಂದು ಕಟು ಮಾತಿಲ್ಲ. ನನ್ನ ಅರ್ಧ ಪುಟವನ್ನು ಅಳಿಸಿ, ಕ್ಷಮೆ ಕೇಳಿ ಬರೆದೆ.

ಶೆಟ್ಟರು ಅಬುಧಾಬಿ ನಗರದಿಂದ ದೂರದ ರುವೈಸಿನ ತೈಲ ಸಂಸ್ಕರಣಾ ಘಟಕವೊಂದರಲ್ಲಿ ಪಾಳಿಯ ಕೆಲಸದವರು. ಬಿಡುವಿನ ದಿನ ಮಾತ್ರ ನಮ್ಮಂಥವರ ಕೋಡ್ ಓದುವುದು. ಅವರು ಅಬುಧಾಬಿಗೆ ಬಂದಾಗ ಹಮ್ದಾನ್ ಸ್ಟ್ರೀಟಿನ ಹೋಟೆಲೊಂದರಲ್ಲಿ ಭೇಟಿಯಾದೆವು.

"ತಡ ಆಯ್ತು ಮಾರಾಯ್ರೆ, ಬೇಜಾರು ಮಾಡ್ಬೇಡಿ" ಎಂದರು. "ಟಿಪ್ಪಣಿ ಬರೆದು ಎರಡು ದಿನ ಇಟ್ಟಿದ್ದೆ. ಖಾರ ಕಂಡದ್ದನ್ನೆಲ್ಲ ತೆಗೆದು ಮತ್ತೆ ಹಾಕಿದ್ದು. ಹೊಸಬರು ಒಮ್ಮೆ ಬೇಸರಗೊಂಡ್ರೆ ಪುನಃ ಬರುದಿಲ್ಲ."

ಮೊದಲ ಟಿಪ್ಪಣಿಗೇ ಸಿಟ್ಟಾಗಿದ್ದ ನಾನು ತಲೆ ತಗ್ಗಿಸಿ, "ನಿಮ್ಮ ಪದಗಳು?" ಎಂದೆ.

"ಒಂದೊಂದಾಗಿ ಕಲಿಸ್ತಾ ಇದ್ದೇನೆ. ಮೊನ್ನೆ ಹೆಂಡತಿಗೆ 'ಶಾರದಾ' ಅಂತ ಬರೆದ್ರೆ 'ಶಾರೀರಿಕ' ಅಂತ ಹೋಯ್ತು. ಕೂಡಲೇ ಊರಿಂದ ಫೋನ್ ಬಂತು."

ಹತ್ತೊಂಬತ್ತನ್ನೂ ಸರಿಪಡಿಸಿದೆ. ಶೆಟ್ಟರು ಇನ್ನೂ ಎರಡು ಸಲ ಓದಿ, ಮತ್ತಷ್ಟು ತಿದ್ದಿಸಿ, ಕೊನೆಗೆ "ಸೇರಿಸಿದೆ. ಒಳ್ಳೆಯ ಕೆಲಸ" ಎಂದು ಬರೆದರು. ಇಪ್ಪತ್ತು ವರ್ಷದ ನೌಕರಿಯಲ್ಲಿ ನನ್ನ ಕೆಲಸವನ್ನು ಅಷ್ಟು ಗಮನವಿಟ್ಟು ಯಾರೂ ಓದಿರಲಿಲ್ಲ. ಫೋನು ಹಿಡಿದು ಸುಧಾಳ ಬಳಿ ಓಡಿದೆ.

"ಏನು ಬದಲಾಗಿದೆ?" ಎಂದಳು.

"ಬೇಗ ತೆರೆಯುತ್ತೆ. ಯಾರ ಪದಗಳೂ ಅಳಿಸಿ ಹೋಗಲ್ಲ."

"ಮೊದಲೂ ಹೋಗ್ತಿರಲಿಲ್ಲವಲ್ಲ?"

ನಾನು ಕೈಹಾಕುವ ತನಕ ಹೋಗುತ್ತಿರಲಿಲ್ಲ ಎಂದು ವಿವರಿಸುವ ಬದಲು, ಚಹಾ ಮಾಡಿಕೊಡಲೇ ಎಂದು ಕೇಳಿದೆ.