ಒಪ್ಪಿಗೆಯ ಕಾಗದ

ಕನ್ನಡ ಮೇಷ್ಟ್ರಿಗೆ ಒಂದು ಕಾಗದ ಬರೆಯುವುದು ಯಾವ ಮಹಾ ಕೆಲಸ? ಎಪ್ಪತ್ತರ ದಶಕದಲ್ಲಿ ಮಂಡ್ಯದ ಗುತ್ತಲಿನಲ್ಲಿದ್ದಾಗ, ನಮ್ಮ ಬೀದಿಯ ಅರ್ಜಿಗಳೆಲ್ಲ ನನ್ನ ಲೇಖನಿಯಿಂದಲೇ ಹೊರಡುತ್ತಿದ್ದವು.

ಒಂದು ಸೋಮವಾರ ಪಕ್ಕದ ಮನೆಯ ಪುಟ್ಟಸ್ವಾಮಿಗೌಡರು ಬಂದರು. ಅವರ ಮಗಳು ಜಯಳನ್ನು ಬ್ಲಫ್‌ನ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕಿದ್ದ ಮಳವಳ್ಳಿಯ ಹುಡುಗ ನೋಡಿ ಮೆಚ್ಚಿದ್ದ.

"ನಮ್ಗೂ ಒಪ್ಗೆ ಅಂತ ನಾಕ್ ಸಾಲು ಬರ್ಕೊಡಿ ಮೇಷ್ಟ್ರೇ. ಸುಕ್ರವಾರದೊಳ್ಗೆ ಕಾಗ್ದ ಬರ್ನಿಲ್ಲ ಅಂದ್ರೆ ಮದ್ದೂರಲ್ಲಿ ಬೇರೆ ಹೆಣ್ಣು ನೋಡ್ತಾರಂತೆ!"

"ಚಿಂತೆ ಬಿಡಿ ಗೌಡ್ರೇ" ಎಂದೆ.

ಮೊದಲ ಪ್ರತಿಯನ್ನು ಕಾಫಿ ಕುಡಿಯುತ್ತಲೇ ಗೀಚಿದೆ: "ನಿಮ್ಮ ಹುಡುಗ ನಮಗೆ ಒಪ್ಪಿಗೆ. ನಮ್ಮ ಹುಡುಗಿಗೆ ಮಾತು ಸ್ವಲ್ಪ ಜಾಸ್ತಿ, ಮನಸ್ಸು ಒಳ್ಳೆಯದು." ಓದಿ ನನಗೇ ನಾಚಿಕೆಯಾಯಿತು. ಇದೂ ಒಂದು ಕನ್ನಡವೇ! ಮುದುರಿ ಎಸೆದೆ.

ಮಂಗಳವಾರವೆಲ್ಲ 'ಒಪ್ಪಿದ್ದೇವೆ'ಯೋ 'ಸಮ್ಮತಿಸಿರುತ್ತೇವೆ'ಯೋ ಎಂಬ ಚರ್ಚೆಯಲ್ಲಿ ಕಳೆಯಿತು. ಚರ್ಚಿಸಿದವನು ನಾನೊಬ್ಬನೇ. ಬುಧವಾರ 'ಶ್ರೀಮನ್ಮಹಾ' ಎಂದು ಆರಂಭಿಸಿ, ಅದು ರಾಜರಿಗೆ ಬರೆದಂತಾಯಿತೆಂದು ಹೊಡೆದುಹಾಕಿದೆ. ಗುರುವಾರ ಕಾಗದವೇ ಮುಗಿಯಿತು!

"ರೀ, ಮದುವೆ ಆಗೋದು ಜಯಾಗೆ, ವ್ಯಾಕರಣಕ್ಕಲ್ಲ" ಎಂದಳು ಹೆಂಡತಿ ಶಾರದ.

"ಗೌಡರೇ ಸುಮ್ಮನಿದ್ದಾರೆ, ನಿನಗೇನು ಅವಸರ?" ಎಂದೆ. ಅವರು ಒಮ್ಮೆಯೂ ವಿಚಾರಿಸಿರಲಿಲ್ಲ. ನನ್ನ ಪಾಂಡಿತ್ಯದ ಮೇಲೆ ಅಷ್ಟು ಗೌರವ!

ಶುಕ್ರವಾರ ಬೆಳಿಗ್ಗೆ ಹನ್ನೊಂದನೆಯ ಪ್ರತಿ ಸಿದ್ಧವಾಯಿತು. ಪಕ್ಕದ ಮನೆಗೆ ಓಡಿದೆ. ಜಗಲಿಯ ಮೇಲೆ ಗಂಡಿನ ತಂದೆ ಆರಾಮವಾಗಿ ಕೂತಿದ್ದರು! ಅವರ ಕೈಯಲ್ಲಿ ನಾನು ಮುದುರಿ ಎಸೆದ ಅದೇ ಕಾಗದ. ಶಾರದ ಅದನ್ನು ನೀವಿ, ಸೋಮವಾರವೇ ಗೌಡರ ಕೈಗೆ ಕೊಟ್ಟಿದ್ದಳಂತೆ; ಅವರು ಅಂದೇ ಅಂಚೆಗೆ ಹಾಕಿದ್ದರಂತೆ!

"ಕಾಗ್ದ ಅಂದ್ರೆ ಇದು ಕಣ್ರೀ!" ಎಂದರು ಗಂಡಿನ ತಂದೆ. "ಮಗ್ಳಿಗೆ ಮಾತು ಜಾಸ್ತಿ ಅಂತ ಯಾವ್ ತಂದೆ ಬರೀತಾನೆ? ಮುಚ್ಚುಮರೆ ಇಲ್ದ ಜನ ಅಂತ ಅವತ್ತೇ ತೀರ್ಮಾನ ಮಾಡ್ಬುಟ್ಟೊ."

ಒಳಗಿನಿಂದ ಜಯ, "ಮಾತು ಜಾಸ್ತಿ ಅಂತ ಬರ್ದೋರ್ ಯಾರು?" ಎಂದು ಕೂಗಿದಳು. ಹನ್ನೊಂದನೆಯ ಪ್ರತಿ ಮೆಲ್ಲಗೆ ನನ್ನ ಜೇಬು ಸೇರಿತು.

ಲಗ್ನಪತ್ರಿಕೆ ಬರೆಯುವ ಮಾತು ಬಂದಾಗ ಎಲ್ಲರೂ ಶಾರದಳ ಕಡೆ ತಿರುಗಿದರು. ನನಗೆ ಸಿಕ್ಕಿದ್ದು ವಿಳಾಸ ಬರೆಯುವ ಕೆಲಸ. ಬುದ್ಧಿ ಬಂದಿತ್ತಲ್ಲ, ತಿದ್ದದೆ, ತಿರುಗಿ ನೋಡದೆ, ಒಂದೇ ಉಸಿರಿನಲ್ಲಿ ಎಲ್ಲ ಬರೆದು ಅಂಚೆ ಡಬ್ಬಿಗೆ ಹಾಕಿದೆ.

ಮಳವಳ್ಳಿಯ ಬೀಗರ ಕಡೆಯವರ ಪತ್ರಿಕೆಗಳೆಲ್ಲ ಮದ್ದೂರಿಗೆ ಹೋದವು!