ಪೀಪಿ ಮೇಷ್ಟ್ರು ಮಂಡಿಯೂರಿದ್ದು

ನಾನೂರು ಮಕ್ಕಳ ಎಂಟುನೂರು ಮೊಣಕಾಲುಗಳನ್ನು ಒಂದೇ ಸೀಟಿಗೆ ಮಡಿಸಬಲ್ಲ ಮನುಷ್ಯನಿಗೆ ಸ್ವಂತ ಮಗಳ ಒಂದೇ ಒಂದು ಮೊಣಕಾಲನ್ನು ಮಡಿಸಲು ಆಗುತ್ತಿರಲಿಲ್ಲ. ಡ್ರಿಲ್ ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೇನು ಬೇಕು?

ಶಾಲೆಯಲ್ಲಿ ಅವರಿಗೆ ಪೀಪಿ ಮೇಷ್ಟ್ರು ಎಂದು ಹೆಸರು. (ಬೆನ್ನ ಹಿಂದೆ. ಎದುರಿಗೆ ಕರೆದವನು ಮೈದಾನಕ್ಕೆ ಹತ್ತು ಸುತ್ತು ಹೊಡೆದಿದ್ದ.) ಕೊರಳಲ್ಲಿ ಸೀಟಿ, ಮುಖದ ಮೇಲೆ ಗಂಟು, ಇವೆರಡೂ ಅವರು ಸ್ನಾನಕ್ಕೆ ಹೋದಾಗ ಮಾತ್ರ ಇಳಿಯುತ್ತಿದ್ದವು. ಎರಡು ತಿಂಗಳ ಹಿಂದೆ ಏಳು ವರ್ಷದ ಮಗಳಿಗೆ ಸೈಕಲ್ ಕಲಿಸಲು ಹೊರಟಿದ್ದರು. "ಹಿಡ್ಕೊಂಡಿದ್ದೀನಿ, ನೀನು ತುಳಿ" ಎಂದರು. ಮಗಳು ಸ್ವಲ್ಪ ದೂರ ತುಳಿದು ತಿರುಗಿ ನೋಡಿದರೆ ಅಪ್ಪ ಹಿಂದೆಲ್ಲೋ ಕೈಕಟ್ಟಿಕೊಂಡು ಹೆಮ್ಮೆಯಿಂದ ನಿಂತಿದ್ದರು. ನೋಡಿದವಳೇ ದೊಪ್ಪನೆ ಬಿದ್ದಳು. ಕಾಲಿನ ಮೂಳೆ ಮುರಿಯಿತು. ಪ್ಲಾಸ್ಟರು ಬಿಚ್ಚಿದ ಮೇಲೆ ಮೂಳೆ ಕೂಡಿತ್ತು, ಮೊಣಕಾಲು ಮಾತ್ರ ಹಟ ಹಿಡಿದು ನೆಟ್ಟಗೆ ಕೂತಿತ್ತು.

"ಐವತ್ತು ಡಿಗ್ರಿ ಅಷ್ಟೇ ಮಡಿಸ್ತಿದ್ದಾಳೆ" ಎಂದರು ಫಿಸಿಯೋಥೆರಪಿ ಡಾಕ್ಟರಮ್ಮ, ಅಳತೆಪಟ್ಟಿಯನ್ನು ಕಾಲಿಗೆ ಹಿಡಿದು. "ಮುಂದಿನ ಸೋಮವಾರ ತೊಂಬತ್ತರ ಹತ್ತಿರ ಬರ್ಬೇಕು. ಇಲ್ದಿದ್ರೆ ಪ್ರಜ್ಞೆ ತಪ್ಪಿಸಿ ಮಡಿಸಬೇಕಾಗುತ್ತೆ. ವ್ಯಾಯಾಮ ಅನ್ಬೇಡಿ ಸಾರ್, ಆಟ ಆಡ್ಸಿ. ಆಡ್ತಾ ಆಡ್ತಾ ತಾನಾಗೇ ಮಡಿಸ್ತಾಳೆ."

"ಆಟಾನಾ? ಆಟಾನೇ ನನ್ನ ಕಸುಬು!" ಎಂದರು ಮೇಷ್ಟ್ರು.

ಅಂದೇ ಗೋಡೆಗೆ ವೇಳಾಪಟ್ಟಿ ಏರಿತು. ಏಳರಿಂದ ಏಳೂ ಇಪ್ಪತ್ತು ಕಪ್ಪೆಯಾಟ, ಆಮೇಲೆ ಚೆಂಡಾಟ, ಕೊನೆಗೆ ಕಡ್ಡಾಯ ನಗು ಎರಡು ನಿಮಿಷ. ಸೀಟಿ ಊದಿದರು. ಮಗಳು ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು ನೋಡಿದಳು.

"ಇದು ಆಟ ಅಲ್ಲಪ್ಪ. ಡ್ರಿಲ್ಲು."

"ಯಾರು ಹೇಳಿದ್ದು? ನಗುನಗುತಾ ಆಡು! ಬೇಗ!"

ಪ್ರಾತ್ಯಕ್ಷಿಕೆಗೆಂದು ತಾವೇ ಕಪ್ಪೆಯಾಗಿ ನೆಗೆದು ನೀರಿನ ಬಕೆಟ್ಟು ಉರುಳಿಸಿದರು. ಮಗಳು ನಗಲಿಲ್ಲ. ಹೆಂಡತಿ ನೆಲ ಒರೆಸುವ ಬಟ್ಟೆ ತಂದು ಕಪ್ಪೆಯ ಮುಂದಿಟ್ಟು ಹೋದರು. ಆಟಗಳೆಲ್ಲ ಒಂದೊಂದಾಗಿ ಕೈಕೊಟ್ಟ ಮೇಲೆ ಮೇಷ್ಟ್ರು ಮಗಳ ಪಾದ ಹಿಡಿದು ದನಿ ತಗ್ಗಿಸಿ, "ನೋವಾಗಲ್ಲ ಪುಟ್ಟಿ, ಅಪ್ಪ ಹಿಡ್ಕೊಂಡಿದ್ದೀನಿ" ಎಂದರು. ಆ ಮಾತು ಕೇಳಿದ್ದೇ ತಡ, ಕಾಲು ಕೊರಡಾಯಿತು. ಹುಡುಗಿ ಗೋಡೆಯ ಕಡೆ ಮುಖ ತಿರುಗಿಸಿದಳು.

"ಆ ಒಂದು ಮಾತು ಬಿಟ್ಟು ಬೇರೆ ಏನಾದ್ರೂ ಹೇಳಿ" ಎಂದರು ಹೆಂಡತಿ ಅಡುಗೆಮನೆಯ ಬಾಗಿಲಿಂದ.

ಬೇರೆ ಏನು ಹೇಳಬೇಕೆಂದು ಮೇಷ್ಟ್ರಿಗೆ ಗೊತ್ತಿತ್ತು. ಇಪ್ಪತ್ತು ವರ್ಷ ಅದೇ ಮಾತನ್ನು ಬೇರೆಯವರ ಬಾಯಲ್ಲಿ ಹೇಳಿಸುತ್ತ ಬಂದಿದ್ದರು. ತಾವು ಹೇಳಿ ಅಭ್ಯಾಸವಿರಲಿಲ್ಲ.

ಹೀಗೇ ಭಾನುವಾರದ ಸಂಜೆ ಬಂತು. ಮೂಲೆಯಲ್ಲಿ ಆಸ್ಪತ್ರೆಗೆ ಒಯ್ಯುವ ಚೀಲ ಕೂತಿತ್ತು. ಹೆಂಡತಿ ಅದರೊಳಗೆ ಎರಡು ಪುಟ್ಟ ಫ್ರಾಕು ಮಡಿಸಿ ಇಟ್ಟು, ಮತ್ತೆ ತೆಗೆದು, ಮತ್ತೆ ಮಡಿಸಿ ಇಟ್ಟಿದ್ದರು. ಯಾರೂ ದೀಪ ಹಾಕಿರಲಿಲ್ಲ. ಮೇಷ್ಟ್ರು ಕೊರಳಿನ ಸೀಟಿ ತೆಗೆದು ಅಂಗೈಯಲ್ಲಿಟ್ಟುಕೊಂಡು ಕೂತಿದ್ದರು. ಬದುಕೇ ಬೇಸರವಾಗಿತ್ತು.

"ಅಪ್ಪಾ, ಅದು ಕೊಡು."

ಕೊಟ್ಟರು. ಹುಡುಗಿ ಸೀಟಿಯನ್ನು ಕೊರಳಿಗೆ ಹಾಕಿಕೊಂಡು, ಗೋಡೆ ಹಿಡಿದು ಎದ್ದು ನಿಂತು, ಮುಖ ಗಂಟಿಕ್ಕಿಕೊಂಡಳು. ಗಂಟು ಸಾಕ್ಷಾತ್ ಅಪ್ಪನದೇ.

"ಈಗ ನಾನು ಮೇಷ್ಟ್ರು. ಸಾವಧಾನ್! ಹೊಟ್ಟೆ ಒಳಗೆ!"

ಮೇಷ್ಟ್ರು ದಡಕ್ಕನೆ ಎದ್ದು ನಿಂತರು.

"ಇನ್ನೂ ಒಳಗೆ!"

"ಒಳಗೆ ಜಾಗ ಇಲ್ಲ ಸಾರ್."

"ಎದುರುತ್ತರಾನಾ? ಮಂಡಿ ಊರು!"

ಊರಿದರು. ಸಿಮೆಂಟು ನೆಲ ಇಷ್ಟು ಗಟ್ಟಿ ಎಂದು ಇಪ್ಪತ್ತು ವರ್ಷದಲ್ಲಿ ಯಾವ ಹುಡುಗನೂ ಅವರಿಗೆ ಹೇಳಿರಲಿಲ್ಲ. (ಹೇಳಿದ್ದರೆ ಇನ್ನೂ ಐದು ನಿಮಿಷ ಹೆಚ್ಚಿಸುತ್ತಿದ್ದರು.)

"ಏನು ತಪ್ಪು ಮಾಡ್ದೆ? ಹೇಳು!"

"ಮಾತಾಡಿದೆ ಸಾರ್."

"ಅದಲ್ಲ."

"ಹೊಟ್ಟೆ ಬಿಟ್ಟೆ ಸಾರ್."

"ಅದೂ ಅಲ್ಲ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಮೇಷ್ಟ್ರು ತಲೆ ತಗ್ಗಿಸಿದರು.

"ಕೈ ಬಿಟ್ಟೆ. ಹಿಡ್ಕೊಂಡಿದ್ದೀನಿ ಅಂತ ಸುಳ್ಳು ಹೇಳಿ ಕೈ ಬಿಟ್ಟೆ. ತಪ್ಪಾಯ್ತು."

"ಕೇಳಿಸ್ಲಿಲ್ಲ. ತಲೆ ಎತ್ತು."

ಎತ್ತಲಿಲ್ಲ. ಎತ್ತುವ ಸ್ಥಿತಿಯಲ್ಲಿ ಅವರ ಕಣ್ಣಿರಲಿಲ್ಲ. ಮಗಳು ಅಪ್ಪನ ಹೆಗಲ ಮೇಲೆ ಎರಡೂ ಕೈ ಊರಿ, ಹಲ್ಲು ಕಚ್ಚಿ, "ಸ್ಸ್" ಎನ್ನುತ್ತ ಇಂಚಿಂಚಾಗಿ ಕೆಳಗಿಳಿದು ಅವರ ಮುಖದೊಳಗೆ ಇಣುಕಿದಳು.

"ಅಳ್ತಿದೀಯಾ ಅಪ್ಪಾ?"

"ಇಲ್ಲ ಸಾರ್. ಬೆವರು."

ಅವಳ ಮೊಣಕಾಲು ಅವರ ಮೂಗಿನ ಮುಂದೆಯೇ ಮಡಿಸಿಕೊಂಡಿತ್ತು. ಭಲೇ ಎಂದು ಕೂಗಬೇಕೆನಿಸಿತು. ಕೂಗಿದರೆ ಎಲ್ಲಿ ಮತ್ತೆ ಕೊರಡಾಗುತ್ತದೋ ಎಂದು ಉಸಿರು ಬಿಗಿಹಿಡಿದರು. ಹುಡುಗಿ ಹೆಗಲು ಹಿಡಿದೇ ಮೇಲೆದ್ದಳು.

"ಸರಿ, ಏಳು."

ಏಳಲಾಗಲಿಲ್ಲ. ಮಂಡಿಯೊಳಗೆ ಏನೋ ಕಟಕ್ಕೆಂದಿತು.

ಮಗಳು ಗೋಡೆಗೆ ಒರಗಿ ಕೈ ಚಾಚಿದಳು. "ಹಿಡ್ಕೊಂಡಿದ್ದೀನಿ. ಏಳಪ್ಪಾ."

ಮೇಷ್ಟ್ರು ನಂಬಿದರು. ನಂಬಿ ಅರ್ಧ ಎದ್ದರು. ಅವಳು ಕೈ ಬಿಟ್ಟಳು. ಮೇಷ್ಟ್ರು ದೊಪ್ಪನೆ ಹಿಂದಕ್ಕೆ ಕುಕ್ಕರಿಸಿದರು. ಎರಡು ತಿಂಗಳಿಂದ ನಗದಿದ್ದ ಹೆಂಡತಿ ಬಾಗಿಲಿಗೆ ಒರಗಿ ನಕ್ಕರು, ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು.

ಸೋಮವಾರ ಅಳತೆಪಟ್ಟಿ ಎಂಬತ್ತಾರು ತೋರಿಸಿತು.

"ಪ್ರಜ್ಞೆ ತಪ್ಪಿಸೋದು ಬೇಡ. ಇನ್ನೂ ಬಹಳ ದಿನ ಆಡಿಸ್ಬೇಕು, ಅಷ್ಟೆ" ಎಂದರು ಡಾಕ್ಟರಮ್ಮ. "ಯಾವ ಆಟ ಆಡಿಸಿದ್ರಿ?"

"ಶಿಕ್ಷೆ ಆಟ" ಎಂದಳು ಮಗಳು.

ಡಾಕ್ಟರಮ್ಮನ ಕಣ್ಣು ಆಗ ಗೋಡೆ ಹಿಡಿದು ನಿಂತಿದ್ದ ಮೇಷ್ಟ್ರ ಮೇಲೆ ಬಿತ್ತು. ಎರಡೇ ನಿಮಿಷದಲ್ಲಿ ಅವರು ಬಾತುಕೋಳಿ ಚಿತ್ರದ ಹಾಸಿಗೆಯ ಮೇಲೆ ಅಂಗಾತ ಮಲಗಿದ್ದರು. ಅವರ ಕಾಲು ಮಂಚದಿಂದ ಒಂದು ಮೊಳ ಆಚೆಗಿತ್ತು. ಸರದಿಯಲ್ಲಿದ್ದ ಮಕ್ಕಳೆಲ್ಲ ಸುತ್ತ ನಿಂತರು.

"ಮಡಿಸಿ ಸಾರ್. ಏನೂ ನೋವಾಗಲ್ಲ."

"ಅಯ್ಯಯ್ಯೋ! ಬೇಡ ಡಾಕ್ಟ್ರೇ, ಬೇಡ!"

ಮಗಳು ಸೀಟಿ ಊದಿ ಎಲ್ಲರನ್ನೂ ಸುಮ್ಮನಾಗಿಸಿದಳು. ಕುಂಟುತ್ತ ಮಂಚದ ತುದಿಗೆ ಹೋಗಿ ಅಪ್ಪನ ಪಾದವನ್ನು ಎರಡೂ ಕೈಯಲ್ಲಿ ಹಿಡಿದಳು.

"ಅಪ್ಪಾ, ಈ ಸಲ ನಿಜವಾಗ್ಲೂ ಹಿಡ್ಕೊಂಡಿದ್ದೀನಿ."

ಪೀಪಿ ಮೇಷ್ಟ್ರು ಕಾಲು ಮಡಿಸುವ ಮೊದಲು ತಲೆಯೆತ್ತಿ ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡರು.